ಮುಳುಗದ ಹಡಗುಗಳ ಲೆಕ್ಕ

ಹಿಜರಿ 15ನೆಯ ವರ್ಷ, ಅಂದರೆ ಕ್ರಿ.ಶ. 636ರ ಸುಮಾರಿಗೆ, ಅರಬ್ಬೀ ಸಮುದ್ರ ದಾಟಿ ಒಂದು ಪಡೆ ಠಾಣೆಯ ದಂಡೆಗೆ ಬಂದಿತು. ಅದನ್ನು ಕಳಿಸಿದವನು ಬಹ್ರೇನ್ ಮತ್ತು ಒಮಾನ್ ಪ್ರಾಂತಗಳ ಅಧಿಪತಿ ಉಸ್ಮಾನ್ ಇಬ್ನ್ ಅಬೀ ಅಲ್-ಆಸ್. ಪಡೆ ಹಿಂದಿರುಗಿದ ಮೇಲೆ ಅವನು ಖಲೀಫ ಉಮರನಿಗೆ ಓಲೆ ಬರೆದು ವಿಷಯ ತಿಳಿಸಿದ. ಮೆಚ್ಚುಗೆ ಬರಬೇಕಾದ ಕಡೆಯಿಂದ ಬಂದದ್ದು ಸಿಡಿಲಿನಂಥ ಉತ್ತರ. ಹುಳುವನ್ನು ಮರದ ತುಂಡಿನ ಮೇಲೆ ಕೂರಿಸಿ ನೀರಿಗೆ ಬಿಟ್ಟಂತೆ ನೀನು ಜನರನ್ನು ಕಡಲಿಗೆ ಬಿಟ್ಟೆ, ಅವರು ಸತ್ತಿದ್ದರೆ ಅಷ್ಟೇ ತಲೆಗಳನ್ನು ನಿನ್ನ ಕುಲದಿಂದ ತೆಗೆಯುತ್ತಿದ್ದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಎರಡು ಶತಮಾನಗಳ ಅನಂತರ ಬಗ್ದಾದಿನ ಅಲ್-ಬಲಾಧುರಿ ಇದನ್ನು ತನ್ನ ಇತಿಹಾಸದಲ್ಲಿ ಬರೆದಿಟ್ಟ.

ಹೋದವರು ಮರಳಿ ಬಂದಿದ್ದರು. ಆದರೂ ಉಮರ ಸಿಟ್ಟಾದ. ಮರಳಿ ಬಂದರೆಂಬುದು ಹಡಗು ಹತ್ತುವ ಮೊದಲು ಅವರ ತಲೆಯ ಮೇಲಿದ್ದ ಗಂಡಾಂತರವನ್ನು ಅಳಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನಡೆಯದೆ ಹೋದ ಕೇಡಿಗೂ ಒಂದು ತೂಕವುಂಟು. ಆ ತೂಕವನ್ನು ಅಂಕಿಯಲ್ಲಿ ಹಿಡಿಯುವುದು ಹೇಗೆಂದು ಜಗತ್ತು ಕಲಿತದ್ದು ಬಹಳ ತಡವಾಗಿ. ಆದರೆ ಠಾಣೆ ಮತ್ತು ಕಲ್ಯಾಣದ ಕಡಲಕರೆಯಲ್ಲಿ, ಕನ್ನಡದ ಅರಸರು ಆಳಿದ ಕಾಲದಲ್ಲಿ, ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಒಂದೊಂದಾಗಿ ಕೂಡಿಬಂದಿತ್ತು. ಲೆಕ್ಕದ ಸೂತ್ರ ಒಂದು ಕಡೆ, ಸಾಲದ ಧರ್ಮ ಇನ್ನೊಂದು ಕಡೆ, ಹಡಗುಗಳು ಮತ್ತೊಂದು ಕಡೆ. ಈ ಕಥನ ಆ ಕಾಲದ್ದು.

ಇಂದು ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ದಿವಾ ದಾಟಿದರೆ ಮುಂಬ್ರಾದ ಬಳಿ ಒಂದು ಕಡೆ ಪಾರ್ಸಿಕ್ ಗುಡ್ಡ, ಇನ್ನೊಂದು ಕಡೆ ಖಾಡಿಯ ಕೆಸರುನೀರು ಕಾಣುತ್ತದೆ. ಕಲ್ಯಾಣದ ಮಗ್ಗುಲಲ್ಲಿ ಹರಿದು ಬಂದ ಉಲ್ಲಾಸ್ ನದಿ ವಸೈ ಕಡೆಗೆ ತಿರುಗುತ್ತದೆ. ಠಾಣೆಯ ಖಾಡಿ ತೆಂಕಣಕ್ಕೆ ಇಳಿದು, ಈಗ ನವಿ ಮುಂಬಯಿ ಎದ್ದಿರುವ ದಂಡೆಯನ್ನು ತೊಳೆಯುತ್ತ ಮುಂಬಯಿಯ ಬಂದರುನೀರಿಗೆ ಸೇರುತ್ತದೆ. ಅದರ ಬಾಯಿಗೆ ಹತ್ತಿರ 1989ರಲ್ಲಿ ನ್ಹಾವಾ ಶೇವಾ ಬಂದರು ಆರಂಭವಾಯಿತು. ಸಾವಿರಾರು ಕನ್ನಡ ಮನೆಗಳಿರುವ ಈ ಪಟ್ಟಣಗಳಲ್ಲಿ ಎಷ್ಟು ಜನರಿಗೆ ಈ ನೀರಿನ ಹಳೆಯ ಒಡೆತನ ನೆನಪಿದೆಯೋ ತಿಳಿಯದು. ಮೊದಲನೆಯ ಶತಮಾನದ ಗ್ರೀಕ್ ನಾವಿಕಗ್ರಂಥ ಪೆರಿಪ್ಲಸ್ ಕಲ್ಯಾಣವನ್ನು ‘ಕಲ್ಲಿಯೇನ’ ಎಂದು ಕರೆದು, ಅಲ್ಲಿಗೆ ತಪ್ಪಿ ಬಂದ ಗ್ರೀಕ್ ಹಡಗನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಒಯ್ಯುವ ಸಂಭವವಿದೆಯೆಂದು ಎಚ್ಚರಿಸುತ್ತದೆ. ಆರನೆಯ ಶತಮಾನದ ಕಾಸ್ಮಾಸ್ ಅದೇ ಪಟ್ಟಣದ ಹಿತ್ತಾಳೆ, ಮರ ಮತ್ತು ಬಟ್ಟೆಯ ವ್ಯಾಪಾರವನ್ನು ಹೊಗಳುತ್ತಾನೆ. ಒಬ್ಬನಿಗೆ ಗಂಡಾಂತರ ಕಂಡಿತು, ಇನ್ನೊಬ್ಬನಿಗೆ ಲಾಭ ಕಂಡಿತು. ಬಂದರು ಎಂದಮೇಲೆ ಎರಡೂ ಒಟ್ಟಿಗೇ ಇರತಕ್ಕವು.

ಒಂಬತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಉತ್ತರ ಕೊಂಕಣ ಮಾನ್ಯಖೇಟದ ರಾಷ್ಟ್ರಕೂಟರ ವಶದಲ್ಲಿತ್ತು. ಅವರ ಪರವಾಗಿ ಅದನ್ನು ಆಳಿದವರು ಶಿಲಾಹಾರರು. ಮೂಲಪುರುಷ ಕಪರ್ದಿ, ಅವನ ಮಗ ಪುಲ್ಲಶಕ್ತಿ, ಮೊಮ್ಮಗ ಎರಡನೆಯ ಕಪರ್ದಿ. ಕಾನ್ಹೇರಿಯ ಗುಹೆಗಳಲ್ಲಿ ಶಕ 765, 775 ಮತ್ತು 799ರ, ಅಂದರೆ ಕ್ರಿ.ಶ. 843, 853 ಮತ್ತು 877ರ, ಶಾಸನಗಳು ಇವರ ಕಾಲದವು. ಮೂರರಲ್ಲಿಯೂ ಸಾರ್ವಭೌಮನ ಹೆಸರು ಅಮೋಘವರ್ಷ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು 814ರಿಂದ 878ರವರೆಗೆ ಆಳಿದ ಈ ಅಮೋಘವರ್ಷ ನೃಪತುಂಗನ ಆಣತಿ ಕಾನ್ಹೇರಿಯಿರುವ ಸಾಲ್ಸೆಟ್ ದ್ವೀಪದ ಬಂಡೆಗಳವರೆಗೆ ನಡೆಯುತ್ತಿತ್ತು. ಶಿಲಾಹಾರರು ಮುಂದೆ ಸ್ವತಂತ್ರರಾದರು, ‘ಪಶ್ಚಿಮಸಮುದ್ರಾಧಿಪತಿ’ ಎನಿಸಿಕೊಂಡರು. ಆಗಲೂ ಅವರ ತಾಮ್ರಪಟಗಳಲ್ಲಿ ‘ಗಂಡರಗಂಡ’ನಂಥ ಅಚ್ಚಗನ್ನಡದ ಬಿರುದು ಉಳಿದೇ ಇತ್ತು. ಕಡಲ ಬದಿಯಲ್ಲಿ ಆಳಿದರೂ ಅವರು ಗಟ್ಟದ ಮೇಲಿನ ನುಡಿಯನ್ನು ಕಳಚಿಡಲಿಲ್ಲ.

ಕವಿರಾಜಮಾರ್ಗ ಹುಟ್ಟಿದ ಅದೇ ರಾಜ್ಯಭಾರದಲ್ಲಿ ಮಹಾವೀರಾಚಾರ್ಯನೆಂಬ ಜೈನ ಪಂಡಿತ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಆರಂಭದಲ್ಲಿಯೇ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಬ್ರಹ್ಮಗುಪ್ತನ ಗಣಿತ ಜ್ಯೋತಿಷದ ಒಂದು ಭಾಗ. ಮಹಾವೀರನ ಗ್ರಂಥ ಗಣಿತಕ್ಕಾಗಿಯೇ ಬರೆದದ್ದು. ಬಡ್ಡಿ, ಪಾಲು, ಬಂಗಾರದ ಬಣ್ಣ, ಹಣ್ಣಿನ ರಾಶಿ, ಅಗೆದ ಹೊಂಡ, ನೆರಳು ಎಲ್ಲವೂ ಅದರಲ್ಲಿವೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ ಹೊರಜಗತ್ತು ಬೆರಗಾಯಿತು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಬಂದಿತು.

ಈ ಗ್ರಂಥದ ಒಂದು ಪ್ರಶ್ನೆಯ ಬಳಿ ಕೊಂಚ ನಿಲ್ಲಬೇಕು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಬೆರೆಸಿ ಎಷ್ಟು ಬಗೆಯ ರುಚಿ ಮಾಡಬಹುದು? ಇಂಥದಕ್ಕೆ ಮಹಾವೀರ ಯಾವ ಸಂಖ್ಯೆಗಾದರೂ ಹೊಂದುವ ಸಾಮಾನ್ಯ ಸೂತ್ರವನ್ನು ಕೊಟ್ಟ. ಒಂದರಿಂದ ತೊಡಗಿ ಅಂಕಿಗಳನ್ನು ನೇರವಾಗಿ ಒಂದು ಸಾಲು, ತಿರುವುಮುರುವಾಗಿ ಇನ್ನೊಂದು ಸಾಲು ಬರೆ. ಎಷ್ಟು ಬೇಕೋ ಅಷ್ಟನ್ನು ಗುಣಿಸಿ ಒಂದನ್ನು ಇನ್ನೊಂದರಿಂದ ಭಾಗಿಸು. ಎರಡೆರಡರ ಬೆರಕೆಗೆ ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 15. ಮೂರು ಮೂರರ ಬೆರಕೆ 20. ಹೀಗೆ 6, 15, 20, 15, 6, 1 ಕೂಡಿ 63. ಪ್ರತಿ ರಸಕ್ಕೂ ‘ಇದೆ’, ‘ಇಲ್ಲ’ ಎಂಬ ಎರಡೇ ದಾರಿ. ಆರು ರಸಗಳಿಗೆ ಎರಡನ್ನು ಆರು ಸಲ ಗುಣಿಸಿದರೆ 64 ದಾರಿ. ಕಡಿಮೆಯಾದ ಆ ಒಂದು, ಯಾವ ರಸವೂ ಇಲ್ಲದ ಬರಿಯ ನೀರು. ಕನಿಷ್ಠ ಒಂದಾದರೂ ಇರುವ ಬೆರಕೆಗಳು ಬೇಕಾದರೆ, ಒಟ್ಟಿನಿಂದ ಏನೂ ಇಲ್ಲದ ಆ ಒಂದನ್ನು ಕಳೆದರೆ ಸಾಕು. ನಡೆಯದಿರುವುದನ್ನು ಎಣಿಸಿ, ಅದನ್ನು ಕಳೆದು, ನಡೆಯುವುದನ್ನು ತಿಳಿಯುವ ಹಾದಿ ಇದೇ. ಮಹಾವೀರ ಸಂಭವನೀಯತೆಯ ಶಾಸ್ತ್ರ ಬರೆದನೆಂದು ಹೇಳುವುದು ಸಲ್ಲದು. ಆ ಶಾಸ್ತ್ರದ ಮನೆ ಕಟ್ಟಲು ಬೇಕಾದ ಗಟ್ಟಿ ಕಲ್ಲನ್ನು ಅವನು ಕೆತ್ತಿ ಇಟ್ಟಿದ್ದ ಎಂಬಷ್ಟು ಮಾತ್ರ ಸತ್ಯ, ಮತ್ತು ಅಷ್ಟೇ ಸಾಕಷ್ಟು ದೊಡ್ಡದು.

ಇನ್ನೊಂದು ಲೆಕ್ಕ ಕೋಳಿಯಂಕದ್ದು. ಮಂತ್ರ, ಔಷಧ ಬಲ್ಲ ಒಬ್ಬ ಪುರುಷ ಎರಡು ಹುಂಜಗಳ ಒಡೆಯರೊಡನೆ ಬೇರೆಬೇರೆಯಾಗಿ ಗುಟ್ಟಿನಲ್ಲಿ ಮಾತಾಡುತ್ತಾನೆ. ನಿನ್ನ ಹುಂಜ ಗೆದ್ದರೆ ನಿನ್ನ ಪಣ ನನಗೆ ಕೊಡು, ಸೋತರೆ ಆ ಪಣದ ಮೂರರಲ್ಲಿ ಎರಡು ಪಾಲು ನಾನು ಕೊಡುತ್ತೇನೆ ಎಂದು ಒಬ್ಬನಿಗೆ. ಗೆದ್ದರೆ ಪಣ ಕೊಡು, ಸೋತರೆ ನಾಲ್ಕರಲ್ಲಿ ಮೂರು ಪಾಲು ಕೊಡುತ್ತೇನೆ ಎಂದು ಇನ್ನೊಬ್ಬನಿಗೆ. ಯಾರು ಗೆದ್ದರೂ ಅವನಿಗೆ 12 ಹೊನ್ನು ಲಾಭ. ಪಣಗಳೆಷ್ಟು? ಮೊದಲನೆಯದು 42, ಎರಡನೆಯದು 40. ಮೊದಲ ಹುಂಜ ಗೆದ್ದರೆ 42 ಬಂದು 30 ಹೋಗುತ್ತದೆ, ಎರಡನೆಯದು ಗೆದ್ದರೆ 40 ಬಂದು 28 ಹೋಗುತ್ತದೆ. ಈ ಪುರುಷನಿಗೆ ದೈವದ ಹಂಗಿಲ್ಲ. ಏಕೆಂದರೆ ಎರಡು ಹುಂಜಗಳ ಗೆಲುವು ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದು ಗೆದ್ದಿತೆಂದರೆ ಇನ್ನೊಂದು ಸೋತಿತೆಂದೇ ಅರ್ಥ. ಕಡಲಿಗಿಳಿದ ಎರಡು ಹಡಗುಗಳಿಗೆ ಅಂಥ ಕಟ್ಟಿಲ್ಲ. ಎರಡೂ ದಡ ಮುಟ್ಟಬಹುದು, ಎರಡೂ ಮುಳುಗಬಹುದು. ಅಲ್ಲಿ ಹುಂಜದ ಲೆಕ್ಕ ನಡೆಯುವುದಿಲ್ಲ, ಬೇರೆಯದೇ ಬೇಕು.

ಆ ಬೇರೆ ಲೆಕ್ಕದ ಸುಳಿವು ಸಿಗುವುದು ಧರ್ಮಶಾಸ್ತ್ರದಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರ ನೂರಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ, ಐದು ವ್ಯವಹಾರದ ಬಡ್ಡಿ, ಕಾಡು ದಾಟಿ ಹೋಗುವವರಿಗೆ ಹತ್ತು, ಕಡಲ ಮೇಲೆ ಹೋಗುವವರಿಗೆ ಇಪ್ಪತ್ತು ಎಂದು ವಿಧಿಸುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯೂ ಕಾಡಿಗೆ ಹತ್ತು, ಕಡಲಿಗೆ ಇಪ್ಪತ್ತು ಎನ್ನುತ್ತದೆ. ಈ ಸ್ಮೃತಿಗೆ ಎರಡು ಮಹಾವ್ಯಾಖ್ಯಾನಗಳು ಹುಟ್ಟಿದ್ದು ನಮ್ಮ ಕಥನದ ಎರಡು ನೆಲೆಗಳಲ್ಲಿಯೇ ಎಂಬುದು ನನಗೆ ಯಾವತ್ತೂ ರೋಮಾಂಚನ ತರುವ ಸಂಗತಿ. ಒಂದು ಮಿತಾಕ್ಷರಾ. ಬೀದರ ಜಿಲ್ಲೆಯ ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ವಿಜ್ಞಾನೇಶ್ವರ ಬರೆದದ್ದು. ಇನ್ನೊಂದು ಅಪರಾರ್ಕ. ಹನ್ನೆರಡನೆಯ ಶತಮಾನದಲ್ಲಿ ಠಾಣೆಯಿಂದ ಕೊಂಕಣವನ್ನಾಳಿದ ಶಿಲಾಹಾರ ಅರಸ ಅಪರಾದಿತ್ಯನದು. ಕಡಲ ಸುಂಕ ಎತ್ತುತ್ತಿದ್ದ ದೊರೆಯೇ ಕಡಲ ಸಾಲದ ಸ್ಮೃತಿಗೆ ಟೀಕೆ ಬರೆದನೆಂದರೆ ಅವನು ಕಿಟಕಿಯಾಚೆ ಕಾಣುತ್ತಿದ್ದ ಲೋಕದ ಬಗ್ಗೆಯೇ ಬರೆಯುತ್ತಿದ್ದ. ಈ ದುಬಾರಿ ಬಡ್ಡಿಗೆ ವಿಜ್ಞಾನೇಶ್ವರ ಕೊಡುವ ಕಾರಣ ಸ್ಪಷ್ಟ: ಇಲ್ಲಿ ಅಸಲೇ ನಾಶವಾಗುವ ಶಂಕೆಯಿದೆ.

ಆ ಶಂಕೆಗೆ ಅಂಕಿ ಕೊಡಬಹುದೇ? ಕೊಟ್ಟು ನೋಡೋಣ. ಊರಲ್ಲಿಯೇ ವ್ಯವಹಾರಕ್ಕೆ ನೂರು ಪಣ ಕೊಟ್ಟವನಿಗೆ ತಿಂಗಳ ಕೊನೆಗೆ 105 ಬರುತ್ತದೆ. ಕಡಲಿಗೆ ಕೊಟ್ಟವನಿಗೆ ಹಡಗು ಬಂದರೆ 120, ಮುಳುಗಿದರೆ ಸೊನ್ನೆ. ಎರಡೂ ಸಮನೆಂದು ಸಾಹುಕಾರ ಭಾವಿಸಿದ್ದರೆ, ಎಂಟು ಸಲದಲ್ಲಿ ಏಳು ಸಲ ಹಡಗು ಬರಬೇಕು. 105ನ್ನು 120ರಿಂದ ಭಾಗಿಸಿದರೆ ಎಂಟನೇ ಏಳು. ಅಂದರೆ ತಿಂಗಳ ಯಾನದಲ್ಲಿ ಎಂಟಕ್ಕೆ ಒಂದು ಹಡಗು ಹೋಯಿತೆಂಬ ಎಣಿಕೆ. ಕಾಡುದಾರಿಗೆ ಇದೇ ಲೆಕ್ಕ ಮಾಡಿದರೆ ಇಪ್ಪತ್ತೆರಡಕ್ಕೆ ಒಂದು. ಸಾಹುಕಾರನ ಆಸೆಯೂ ಈ ಬಡ್ಡಿಯೊಳಗೆ ಬೆರೆತಿರುತ್ತದೆ, ಆದ್ದರಿಂದ ನಿಜದ ಗಂಡಾಂತರ ಇದಕ್ಕಿಂತ ಕಡಿಮೆಯೇ ಇದ್ದೀತು. ಆದರೂ ಕಾಡಿಗೂ ಕಡಲಿಗೂ ಇರುವ ಭಯದ ಅಂತರ ಇಷ್ಟು ಚೊಕ್ಕವಾಗಿ ಬೇರೆಲ್ಲಿಯೂ ಕಾಣಸಿಗುವುದಿಲ್ಲ.

ಈಗ ಶಿಲಾಹಾರರ ಬಂದರಿಗೆ ಬರೋಣ. ಶಕ 1016, ಅಂದರೆ ಕ್ರಿ.ಶ. 1094–95. ಜ್ಞಾತಿವೈರದ ಕಾಲದಲ್ಲಿ ಕೊಂಕಣವನ್ನು ಹಾಳುಗೆಡವಿದವರನ್ನು ಅಡಗಿಸಿ ಅನಂತದೇವ ಪಟ್ಟದಲ್ಲಿ ಭದ್ರವಾಗಿ ಕೂತಿದ್ದ. ಆ ವರ್ಷ ಅವನು ಕೊರೆಸಿದ ತಾಮ್ರಪಟ ತೆಂಕಣ ಕೊಂಕಣದ ಖಾರೇಪಾಟಣದಲ್ಲಿ ಸಿಕ್ಕಿದೆ. ಮಹಾಪ್ರಧಾನ ಭಾಭಣ ಶ್ರೇಷ್ಠಿ ಮತ್ತು ಅವನ ತಮ್ಮ ಧನಾಮ ಶ್ರೇಷ್ಠಿಯ ನೌಕೆಗಳು ಸ್ಥಾನಕ, ನಾಗಪುರ, ಶೂರ್ಪಾರಕ, ಚೇಮೂಲಿ ಮೊದಲಾದ ಬಂದರುಗಳಿಗೆ ಬಂದರೆ ಸುಂಕವಿಲ್ಲ ಎಂಬುದು ಅದರ ಸಾರ. ಸ್ಥಾನಕವೆಂದರೆ ಠಾಣೆ, ಶೂರ್ಪಾರಕ ಈಗಿನ ನಾಲಾಸೋಪಾರಾ, ಚೇಮೂಲಿ ಚೌಲ್, ನಾಗಪುರ ಅಲಿಬಾಗಿನ ಬಳಿಯ ನಾಗಾಂವ್. ಪಟದಲ್ಲಿ ಹೆಸರು ಹಿಡಿದು ಹೇಳಿರುವುದು ನಾಲ್ಕು ಬಂದರು. ಶೆಟ್ಟರು ತಮ್ಮ ಸರಕನ್ನೆಲ್ಲ ಒಂದೇ ಹಡಗಿಗೆ ತುಂಬದೆ ನಾಲ್ಕು ದಿಕ್ಕಿಗೆ ನಾಲ್ಕು ಹಡಗು ಬಿಟ್ಟರೆಂದು ಎಣಿಸೋಣ. ಒಂದರ ಗತಿ ಇನ್ನೊಂದನ್ನು ತಟ್ಟದು ಎಂದು ಇಟ್ಟುಕೊಳ್ಳೋಣ.

ಒಂದು ಹಡಗು ಮುಳುಗದಿರುವ ಸಂಭವ ಎಂಟನೇ ಏಳು. ನಾಲ್ಕೂ ಮುಳುಗದಿರಬೇಕಾದರೆ ಇದನ್ನು ನಾಲ್ಕು ಸಲ ಗುಣಿಸಬೇಕು. ಮೇಲೆ 2401, ಕೆಳಗೆ 4096. ಗಂಡಾಂತರಗಳನ್ನು ನೇರವಾಗಿ ಕೂಡಿ, ನಾಲ್ಕು ಸಲ ಎಂಟನೇ ಒಂದು ಅಂದರೆ ಅರ್ಧ ಎನ್ನುವುದು ಅವಸರದ ತಪ್ಪು. ಹಾಗೆ ಕೂಡುತ್ತ ಹೋದರೆ ಎಂಟು ಹಡಗಿಗೆ ನಾಶ ಖಚಿತವೆಂದೂ ಒಂಬತ್ತಕ್ಕೆ ಖಚಿತಕ್ಕಿಂತ ಹೆಚ್ಚೆಂದೂ ಹೇಳಬೇಕಾದೀತು. ಗುಣಿಸಬೇಕಾದದ್ದು ಉಳಿಯುವ ಸಂಭವಗಳನ್ನು. 4096ರಲ್ಲಿ 2401ನ್ನು ಕಳೆದರೆ 1695, ಇದು ಒಂದಾದರೂ ಮುಳುಗುವ ಪಾಲು. ಆ 1695ನ್ನು ಬಿಡಿಸಿ ನೋಡಲು ಮಹಾವೀರನ ಸೂತ್ರವೇ ಬೇಕು. ಯಾವುದಾದರೂ ಒಂದು ಮುಳುಗುವ ಬಗೆ ನಾಲ್ಕು, ಅದರ ಪಾಲು 1372. ಎರಡು ಮುಳುಗುವ ಬಗೆ ಆರು, ಪಾಲು 294. ಮೂರು ಮುಳುಗುವ ಬಗೆ ನಾಲ್ಕು, ಪಾಲು 28. ನಾಲ್ಕೂ ಮುಳುಗುವುದು ಒಂದೇ ಬಗೆ, ಪಾಲು ಒಂದು. ಎಲ್ಲ ಸೇರಿ ಸರಿಯಾಗಿ 1695 ಆಗುತ್ತದೆ, ಒಂದು ಕಾಸೂ ಹೆಚ್ಚುಕಡಿಮೆಯಿಲ್ಲ.

ಶೆಟ್ಟರಿಗೆ ಇದರಿಂದ ಆದದ್ದೇನು? ಸರಕೆಲ್ಲ ಒಂದೇ ಹಡಗಿನಲ್ಲಿದ್ದಾಗ ಮನೆ ಮುಳುಗುವ ಸಂಭವ ಎಂಟಕ್ಕೆ ಒಂದು. ನಾಲ್ಕರಲ್ಲಿ ಹಂಚಿದ ಮೇಲೆ 4096ಕ್ಕೆ ಒಂದು. ಕೆಟ್ಟ ಸುದ್ದಿ ಕೇಳುವ ಸಂಭವ ಮಾತ್ರ ಎಂಟಕ್ಕೆ ಒಂದರಿಂದ ನೂರಕ್ಕೆ ನಲವತ್ತೊಂದರಷ್ಟು ಮೇಲೇರಿತು. ಮನೆತನ ಉಳಿಸುವ ಬುದ್ಧಿ ಈ ವಿನಿಮಯವನ್ನು ಒಪ್ಪಿಕೊಳ್ಳುತ್ತದೆ. ಅಡಿಗಡಿಗೆ ಸಣ್ಣ ನಷ್ಟ ನುಂಗಿಕೊಂಡು, ಎದ್ದು ನಿಲ್ಲಲಾಗದ ದೊಡ್ಡ ನಷ್ಟವನ್ನು ದೂರ ಇಡುತ್ತದೆ. ಪಶ್ಚಿಮ ಕರಾವಳಿಯ ವರ್ತಕರು ಮುಂದಿನ ಕಾಲದಲ್ಲಿ ಜೋಖ್ಮಿ ಹುಂಡಿ ಎಂಬುದನ್ನು ಬಳಕೆಗೆ ತಂದರು. ಸರಕು ಸುರಕ್ಷಿತವಾಗಿ ತಲಪಿದರೆ ಮಾತ್ರ ಹುಂಡಿಯ ಹಣ ಸಲ್ಲತಕ್ಕದ್ದು, ಮುಳುಗಿದರೆ ಇಲ್ಲ. ಸಾಲ ಮತ್ತು ವಿಮೆ ಒಂದೇ ಕಾಗದದ ಮೇಲೆ ಕೂತವು.

ಆದರೆ ಹಡಗಿನಲ್ಲಿ ಸರಕಷ್ಟೇ ಇರುವುದಿಲ್ಲ. ಹುಟ್ಟು ಹಾಕುವ, ಹಾಯಿ ಕಟ್ಟುವ ಆಳು ಇರುತ್ತಾನೆ. ಶೆಟ್ಟಿ ತನ್ನ ಸರಕನ್ನು ನಾಲ್ಕು ಭಾಗ ಮಾಡಬಲ್ಲ, ಆಳು ತನ್ನ ಜೀವವನ್ನು ನಾಲ್ಕು ಹಡಗಿನಲ್ಲಿ ಹಂಚಲಾರ. ಅವನ ಪಾಲಿಗೆ ಪ್ರತಿ ಯಾನವೂ ಎಂಟನೇ ಏಳರದ್ದೇ. ಅಲ್ಲಿ ಗುಣಾಕಾರ ಅವನ ವಿರುದ್ಧ ಕೆಲಸ ಮಾಡುತ್ತದೆ: ಐದು ಯಾನ ಮುಗಿಸಿ ಉಳಿದಿರುವ ಸಂಭವ ಅರ್ಧಕ್ಕಿಂತ ತುಸುವೇ ಹೆಚ್ಚು, ಹತ್ತು ಯಾನಕ್ಕೆ ನೂರಕ್ಕೆ ಇಪ್ಪತ್ತಾರು. ಅದೇ ಸೂತ್ರ ಒಡೆಯನನ್ನು ಕಾಯುತ್ತದೆ, ಆಳನ್ನು ತಿನ್ನುತ್ತದೆ. ಉಮರ ಹುಳುವಿನ ಮಾತು ಹೇಳಿದ್ದು ಇಂಥವರನ್ನು ನೆನೆದು. ಕೊಂಕಣದ ತಾಮ್ರಪಟಗಳಲ್ಲಿ ಶ್ರೇಷ್ಠಿಗಳ ಹೆಸರಿದೆ, ಸುಂಕದ ವಿವರವಿದೆ. ಹುಟ್ಟು ಹಾಕಿದವರ ಹೆಸರು ಹುಡುಕಿದರೂ ಸಿಗದು. ಈ ಕಥನ ಬರೆಯುವಾಗ ಹೆಚ್ಚು ನೋಯಿಸಿದ್ದು ಅದೇ.

ಲೆಕ್ಕದ ಬುಡದಲ್ಲಿ ಒಂದು ಷರತ್ತಿದೆ, ಒಂದರ ಗತಿ ಇನ್ನೊಂದನ್ನು ತಟ್ಟಬಾರದು. ಕಡಲ್ಗಳ್ಳರು ಸೋಪಾರಾದ ಬಳಿ ಒಂದು ಹಡಗು ದೋಚಿದರೆ ಚೌಲಿನ ಹಡಗಿಗೆ ಏನೂ ಆಗದು. ಹಲಗೆ ಬಿರಿದು ನೀರು ನುಗ್ಗಿದರೂ ಹಾಗೆಯೇ. ಆದರೆ ಬಿರುಗಾಳಿ ಎದ್ದರೆ ಅದು ಠಾಣೆ, ಚೌಲ್ ಎಂದು ನೋಡುವುದಿಲ್ಲ. ಒಂದೇ ರಾತ್ರಿ ಒಂದೇ ಕರೆಯ ಹಡಗುಗಳನ್ನೆಲ್ಲ ಮುಗಿಸಬಲ್ಲದು. ಆಗ 4096ರ ನೆಮ್ಮದಿ ಹಾರಿಹೋಗಿ ಮತ್ತೆ ಎಂಟಕ್ಕೆ ಒಂದರ ಹತ್ತಿರ ಬಂದು ನಿಲ್ಲುತ್ತದೆ. ಮುಂಗಾರಿನ ಭರದಲ್ಲಿ ಈ ಕರಾವಳಿಯ ಹಡಗುಗಳು ದಡ ಹತ್ತಿ ಕೂತಿರುತ್ತಿದ್ದುದು ಇದಕ್ಕಾಗಿ. ಎಲ್ಲವನ್ನೂ ಒಟ್ಟಿಗೆ ಕೊಲ್ಲುವ ಕಾರಣವನ್ನು ಮೊದಲು ದೂರ ಇಟ್ಟು, ಉಳಿದ ಬಿಡಿಬಿಡಿ ಗಂಡಾಂತರಗಳನ್ನು ಹಂಚಿಕೊಳ್ಳಬೇಕು. ಸೂತ್ರ ಬರೆಯದಿದ್ದರೂ ನಾವಿಕರಿಗೆ ಇದು ತಿಳಿದಿತ್ತು.

ಸೂತ್ರ ಬರೆದವರು ದೂರದವರು. 1654ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಮತ್ತು ಫರ್ಮಾ ಜೂಜಿನ ಪ್ರಶ್ನೆಗಳ ಮೇಲೆ ಪತ್ರ ಬರೆದುಕೊಂಡರು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಆರು ಬೀಳುವುದೇ ಎಂಬುದಕ್ಕೆ ಬೀಳದಿರುವ ದಾರಿಯೇ ಸುಲಭದ ದಾರಿ. ಆರನೇ ಐದನ್ನು ನಾಲ್ಕು ಸಲ ಗುಣಿಸಿದರೆ 1296ರಲ್ಲಿ 625, ಆದ್ದರಿಂದ ಬೀಳುವುದು 671. 1718ರಲ್ಲಿ ಡಿ ಮೋಯ್ವರ್ ತನ್ನ ಗ್ರಂಥದಲ್ಲಿ ಸ್ವತಂತ್ರ ಘಟನೆಗಳೆಂದರೇನೆಂದು ತಿಳಿಯಾಗಿ ವಿವರಿಸಿದ. ಆ ಪತ್ರಗಳ ಕಾಲಕ್ಕೆ ಠಾಣೆ ಪೋರ್ತುಗೀಸರ ಕೈಯಲ್ಲಿತ್ತು. ಮೂರು ವರ್ಷಗಳಲ್ಲಿ, 1657ರಲ್ಲಿ, ಶಿವಾಜಿ ಮಹಾರಾಜರು ಕಲ್ಯಾಣವನ್ನು ಗೆದ್ದು ಮುಂದೆ ಅಲ್ಲಿಯೇ ಹಡಗು ಕಟ್ಟಿಸಲು ತೊಡಗಿದರು.

ಶಿಲಾಹಾರರು ಆ ಹೊತ್ತಿಗೆ ಕಥೆಯಾಗಿದ್ದರು. ಅವರ ಕೊನೆಯ ಅರಸ ಸೋಮೇಶ್ವರನ ಮೇಲೆ 1265ರ ಸುಮಾರಿಗೆ ದೇವಗಿರಿಯ ಸೇವುಣ ಮಹಾದೇವ ಏರಿ ಬಂದ. ನೆಲದ ಮೇಲೆ ಸೋತ ಸೋಮೇಶ್ವರ ಹಡಗು ಹತ್ತಿದ. ಮಹಾದೇವನ ಪಡೆ ಕಡಲಿನಲ್ಲಿಯೂ ಬೆನ್ನಟ್ಟಿತು. ಅರಸ ನೀರಿನಲ್ಲಿ ಮುಳುಗಿ ಸತ್ತನೆಂದು ಸೇವುಣರ ಮಂತ್ರಿ ಹೇಮಾದ್ರಿ ಬರೆದಿದ್ದಾನೆ. ಬೊರಿವಲಿಯ ಎಕ್ಸಾರದಲ್ಲಿ ಹುಟ್ಟುಗಳ ಸಾಲು ಸಮೇತ ಹಡಗುಗಳ ಕಾಳಗ ಕೆತ್ತಿರುವ ವೀರಗಲ್ಲುಗಳನ್ನು ಹಲವು ವಿದ್ವಾಂಸರು ಇದೇ ಯುದ್ಧಕ್ಕೆ ಹೊಂದಿಸುತ್ತಾರೆ. ನಾಲ್ಕು ಬಂದರುಗಳಲ್ಲಿ ಸರಕು ಹಂಚಬಹುದಾಗಿದ್ದ ನಾಡು, ಆ ದಿನ ಅರಸನನ್ನೂ ರಾಜ್ಯವನ್ನೂ ಒಂದೇ ನೌಕಾಪಡೆಯ ಮೇಲೆ ಇಟ್ಟಿತ್ತು.

ಶಕ 1194ರ, ಅಂದರೆ 1272ರ, ಠಾಣೆಯ ತಾಮ್ರಪಟದಲ್ಲಿ ಕೊಂಕಣದ ಅಧಿಕಾರಿಯಾಗಿ ಕಾಣುವವನು ಸೇವುಣ ರಾಮಚಂದ್ರನ ಅಚ್ಯುತನಾಯಕ. ಅದಾದ ಕೆಲವೇ ದಶಕಗಳಲ್ಲಿ ಮಾರ್ಕೋ ಪೋಲೋ ಠಾಣೆಯ ಬಗ್ಗೆ ಬರೆದ. ತೊಗಲು, ಧೂಪ, ನೂಲುಬಟ್ಟೆಯ ವ್ಯಾಪಾರದ ಜೊತೆಗೆ ಅವನು ಇನ್ನೊಂದನ್ನೂ ದಾಖಲಿಸಿದ್ದಾನೆ. ಈ ಬಂದರಿನಿಂದ ಹೊರಡುವ ಕಡಲ್ಗಳ್ಳರಿಗೂ ಇಲ್ಲಿನ ದೊರೆಗೂ ಒಪ್ಪಂದವಿದೆ. ದೋಚಿದ ಹಡಗಿನ ಕುದುರೆಗಳೆಲ್ಲ ದೊರೆಗೆ, ಉಳಿದ ಸರಕೆಲ್ಲ ಕಳ್ಳರಿಗೆ. ಕುದುರೆ ಇಲ್ಲದ ನಾಡಿಗೆ ಕುದುರೆ ಬೇಕಿತ್ತು, ಭಾರತಕ್ಕೆ ಬರುವ ಪ್ರತಿ ಹಡಗಿನಲ್ಲಿಯೂ ಕುದುರೆ ಇರುತ್ತಿತ್ತು ಎನ್ನುತ್ತಾನೆ ಅವನು. ಅರಸನಿಗೆ ತಕ್ಕದ್ದಲ್ಲದ ಹೀನ ನಡತೆಯೆಂದು ಮಾರ್ಕೋ ಪೋಲೋ ಖಂಡಿಸಿದ. ಅಲ್ಲಿಗೆ ಬಂದು ತಲಪಬೇಕಾದ ಹಡಗಿಗೆ ದಡವೂ ದರೋಡೆಯೂ ಬೇರೆಬೇರೆಯಾಗಿ ಉಳಿದಿರಲಿಲ್ಲ. ಅಂಥ ನೀರಿನಲ್ಲಿ ನಾಲ್ಕಲ್ಲ, ನಲವತ್ತು ಹಡಗು ಬಿಟ್ಟರೂ ಭಾಭಣ ಶ್ರೇಷ್ಠಿಯ ಗುಣಾಕಾರ ನಡೆಯುತ್ತಿರಲಿಲ್ಲ.